ಖಣದ ಬ್ಲೌಸ್, ಸ್ಟಾಲ್‌ನಲ್ಲೇ ಫಿಟ್ಟಿಂಗ್

ಎಕ್ಸಿಬಿಷನ್‌ನಲ್ಲಿ ರೆಡಿಮೇಡ್ ಬ್ಲೌಸ್ ಓಡೋದಿಲ್ಲ ಅನ್ನೋದು ಬೆಂಗಳೂರಿನ ಬುಟೀಕ್‌ನವರ ಬಾಯಲ್ಲಿ ಗಟ್ಟಿಯಾಗಿ ಕೂತಿರುವ ಮಾತು. ಸೀರೆ ಹೋಗುತ್ತೆ, ಕುರ್ತಿ ಹೋಗುತ್ತೆ, ಬ್ಲೌಸ್ ಅಂದರೆ ಮಾತ್ರ ‘ಪೀಸ್ ಇದ್ದರೆ ಕೊಡಿ, ನಮ್ಮ ಟೈಲರ್ ಹತ್ರ ಹೊಲಿಸ್ಕೋತೀವಿ’ ಅನ್ನುತ್ತಾರೆ. ಸ್ಟಾಲ್‌ಗೆ ಹೊಲಿಗೆ ಮಷೀನ್ ತಂದು ಅಲ್ಲೇ ಫಿಟ್ಟಿಂಗ್ ಮಾಡಿ ಕೊಡ್ತೀನಿ ಅಂತ ನಾನು ಅಂದಾಗ ಪಕ್ಕದ ಸ್ಟಾಲ್‌ನವರಷ್ಟೇ ಅಲ್ಲ, ನಮ್ಮ ಕಟಿಂಗ್ ಮಾಸ್ಟರ್ ಕೂಡ ನಕ್ಕರು. ಈಗ ಮೂರು ದಿನದ ಒಂದು ಒಳ್ಳೆಯ ಎಕ್ಸಿಬಿಷನ್‌ನಲ್ಲಿ ನೂರರ ಆಸುಪಾಸು ಖಣದ (ಉತ್ತರ ಕರ್ನಾಟಕದ ಕುಪ್ಪಸದ ಬಟ್ಟೆ) ಬ್ಲೌಸ್ ಹೋಗುತ್ತಿವೆ. ಅದೇ ಹಾಲ್‌ನಲ್ಲಿ ಹಳೆಯ ರೀತಿಯಲ್ಲಿ ಮೂವತ್ತು ದಾಟುತ್ತಿರಲಿಲ್ಲ, ಬಾಡಿಗೆಯೂ ಹುಟ್ಟುತ್ತಿರಲಿಲ್ಲ.

ಮೊದಲು ಕೆಟ್ಟದ್ದರ ಲೆಕ್ಕ. 34ರಿಂದ 44ರವರೆಗೆ ಎರಡೆರಡು ಇಂಚಿಗೊಂದು ಸೈಜ್ ಪೂರ್ತಿ ಹೊಲಿದು ತಂದರೆ ಆರು ಸೈಜ್, ಹತ್ತು ಬಣ್ಣ, ಅಲ್ಲಿಗೇ ಅರವತ್ತು ಪೀಸ್. ಅಷ್ಟಿದ್ದರೂ ಗಿರಾಕಿ ಕೇಳುವ ಬಣ್ಣದಲ್ಲಿ ಅವರ ಸೈಜ್ ಇರೋದಿಲ್ಲ. ಹೊಲಿಗೆ ಬಿಚ್ಚಿ ಸಡಿಲ ಮಾಡಿದರೆ ಹಳೆಯ ಸೂಜಿ ತೂತು ಸಾಲಾಗಿ ಕಾಣುತ್ತೆ, ಖಣದಲ್ಲಿ ಆ ಗುರುತು ಇಸ್ತ್ರಿಗೂ ಹೋಗೋದಿಲ್ಲ. ‘ಫ್ರೀ ಸೈಜ್’ ಅಂತ ದೊಡ್ಡದಾಗಿ ಹೊಲಿದು ಹಿಡಿದು ಕೊಡುವುದೂ ಆಗೋದಿಲ್ಲ. ಐದು ಇಂಚು ಹಿಡಿದರೆ ಪ್ರತಿ ಅಂಚಿಗೆ ಒಂದೂಕಾಲು ಇಂಚು ಒಳಗೆ ಬರುತ್ತೆ, ಆರ್ಮ್‌ಹೋಲ್ (ತೋಳು ಕೂಡುವ ಸುತ್ತು) ಕೆಳಗೆ ಜಗ್ಗಿ ಕಂಕುಳಲ್ಲಿ ಗಂಟು ಕಟ್ಟುತ್ತೆ. ಸ್ಟ್ರೆಚ್ ಬ್ಲೌಸ್ ಮಾರುವವರಿಗೆ ಈ ಕಷ್ಟ ಇಲ್ಲ. ಕೈಮಗ್ಗದ ಖಣ ಒಂದು ಎಳೆಯಷ್ಟೂ ಹಿಗ್ಗೋದಿಲ್ಲ.

ನಾನು ಹಿಡಿದ ದಾರಿ ಇಷ್ಟೇ: ಸೈಡ್ ಹೊಲಿಯದೆಯೇ ಬ್ಲೌಸ್ ತರುವುದು. ಶೋಲ್ಡರ್ ಜೋಡಿಸಿ, ನೆಕ್ ಪೈಪಿಂಗ್, ಡಾರ್ಟ್ (ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ), ಹುಕ್ ಪಟ್ಟಿ, ದೋರಿ (ಬೆನ್ನಿಗೆ ಕಟ್ಟುವ ದಾರ) ಎಲ್ಲ ಮುಗಿಸಿ, ತೋಳನ್ನು ಬಿಚ್ಚಿದ ಸ್ಥಿತಿಯಲ್ಲೇ ಆರ್ಮ್‌ಹೋಲ್‌ಗೆ ಹಚ್ಚಿ, ಬಿಟ್ಟ ಅಂಚಿಗೆಲ್ಲ ನಮ್ಮ ಹೊಲಿಗೆ ಯೂನಿಟ್‌ನಲ್ಲೇ ಎಳೆ ಬಿಚ್ಚದಂತೆ ಓವರ್‌ಲಾಕ್ ಹೊಡೆಸಿ ಇಸ್ತ್ರಿ ಮಾಡಿ ಹ್ಯಾಂಗರ್‌ಗೆ ಹಾಕುವುದು. ಉಳಿಯುವುದು ತೋಳಿನ ತುದಿಯಿಂದ ಕಂಕುಳು ಹಾದು ಸೊಂಟದವರೆಗೆ ಎರಡು ಬದಿಗೆ ಎರಡು ಗೆರೆ. ಸ್ಟಾಲ್‌ನಲ್ಲಿ ಹೊಲಿಯುವುದು ಅದನ್ನಷ್ಟೇ, ಕೈ ಪಳಗಿದವರಿಗೆ ಎಂಟು ಹತ್ತು ನಿಮಿಷದ ಕೆಲಸ.

ಕಟಿಂಗ್ ನಾಲ್ಕೇ ಸೈಜ್: 36, 39, 42, 45. ಪ್ರತಿಯೊಂದೂ ತನ್ನ ಅಳತೆಯಿಂದ ಎರಡು ಇಂಚು ಕೆಳಗಿಳಿಯುತ್ತೆ. 36ರ ಕಟಿಂಗ್ 34, 35, 36ಕ್ಕೆ, 39ರದ್ದು 37, 38, 39ಕ್ಕೆ, ಹೀಗೆ 45ರವರೆಗೆ. ಎರಡು ಇಂಚನ್ನು ನಾಲ್ಕು ಅಂಚಿಗೆ ಹಂಚಿದರೆ ತಲಾ ಅರ್ಧ ಇಂಚು, ಆರ್ಮ್‌ಹೋಲ್ ಅದನ್ನು ತಡೆದುಕೊಳ್ಳುತ್ತೆ. ಇದರ ಮೇಲೆ ಪ್ರತಿ ಅಂಚಿಗೆ ಒಂದು ಇಂಚು ಮಾರ್ಜಿನ್ ಬೇರೆ, ಮುಂದಿನ ವರ್ಷ ಸಡಿಲ ಮಾಡಿಸಿಕೊಳ್ಳೋರಿಗೆ. ಡಾರ್ಟ್ ಮಾತ್ರ ಮಧ್ಯದ ಅಳತೆಗೆ ಹಾಕಬೇಕು, 39ರ ಕಟಿಂಗ್‌ಗೆ 38ರ ಡಾರ್ಟ್. ದೊಡ್ಡ ಅಳತೆಗೇ ಹಾಕಿದರೆ ಸೈಡ್ ಹಿಡಿದಾಗ ಡಾರ್ಟ್ ಕಂಕುಳಿನ ಕಡೆ ಸರಿಯುತ್ತೆ. ಆರ್ಮ್‌ಹೋಲ್ ಕರ್ವ್‌ನಲ್ಲಿ ನಾನು ಇನ್ನೊಂದು ಸಣ್ಣ ಬದಲಾವಣೆ ಮಾಡುತ್ತೇನೆ. ಅದಕ್ಕೆ ಬಟ್ಟೆ ಹಾಳು ಮಾಡಿ ದುಡ್ಡು ಕಳೆದಿದ್ದೇನೆ, ಹಾಗಾಗಿ ಅದು ನನ್ನ ಹತ್ರವೇ ಇರಲಿ.

ಈಗ ಬಟ್ಟೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕೈಮಗ್ಗದ ಖಣದ ಪನ್ನ (ಬಟ್ಟೆಯ ಅಗಲ) 31 ಇಂಚಿನ ಆಸುಪಾಸು, ಎರಡೂ ಕಡೆ ಅಂಚು. ತೋಳಿನ ತುದಿಗೆ ಅಂಚು ಬರಬೇಕಾದರೆ ಎರಡು ತೋಳನ್ನು ಎದುರುಬದುರು ಇಟ್ಟು ಪನ್ನಕ್ಕೆ ಅಡ್ಡಲಾಗಿ ಕತ್ತರಿಸಬೇಕು. ಹತ್ತೂವರೆ ಇಂಚಿನಂತೆ ಎರಡು ತೋಳಿಗೆ ಇಪ್ಪತ್ತೊಂದು ಹೋದರೆ ನಡುವೆ ಹತ್ತು ಇಂಚಿನ ಪಟ್ಟಿ ಉಳಿಯುತ್ತೆ. ಹುಕ್ ಪಟ್ಟಿ, ದೋರಿ, ಅದರ ತುದಿಗೆ ತೂಗುವ ಲಟ್ಕನ್ ಎಲ್ಲ ಅದರಲ್ಲೇ. ಅಂಗಡಿಯಲ್ಲಿ ಸಿಗುವ ಎಂಬತ್ತು ಸೆಂಟಿಮೀಟರ್ ಪೀಸ್‌ನಲ್ಲಿ ಇಷ್ಟು ಮಾರ್ಜಿನ್ ಇಟ್ಟು ಮೊಣಕೈ ತೋಳು ಬರೋದೇ ಇಲ್ಲ. ಪೀಸ್ ಬಿಟ್ಟು ಥಾನು (ಕತ್ತರಿಸದ ಪೂರ್ತಿ ಸುತ್ತು) ತನ್ನಿ. 36, 39ಕ್ಕೆ 1.1 ಮೀಟರ್, 42, 45ಕ್ಕೆ 1.25 ಮೀಟರ್ ಇಟ್ಟುಕೊಂಡರೆ ಸಾಕು.

ನಾನು ತರಿಸುವುದು ರೇಷ್ಮೆ ಹಾಸು (ಉದ್ದದ ಎಳೆ), ಹತ್ತಿ ಹೊಕ್ಕು (ಅಡ್ಡ ಎಳೆ). ನೋಡೋಕೆ ಚೆಂದ, ಆದರೆ ಬಿಗಿಯಾದ ಬ್ಲೌಸ್‌ನಲ್ಲಿ ರೇಷ್ಮೆ ಎಳೆ ಹೊಕ್ಕಿನ ಮೇಲೆ ಜಾರಿ ಸೈಡ್ ಹೊಲಿಗೆ ಬಾಯಿ ಬಿಡುತ್ತೆ. ದೊಡ್ಡ ಸೈಜ್‌ಗಳಲ್ಲಿ ಇದು ಜಾಸ್ತಿ. ಲೈನಿಂಗನ್ನು ಬೇರೆಯಾಗಿ ತೂಗಿಬಿಡದೆ ಮೇಲಿನ ಬಟ್ಟೆಗೇ ಕಚ್ಚಾ ಹೊಲಿದು ಎರಡನ್ನೂ ಒಂದೇ ಬಟ್ಟೆಯಂತೆ ಹೊಲಿದರೆ ಎಳೆತ ಲೈನಿಂಗ್ ಮೇಲೆ ಬೀಳುತ್ತೆ. ಲೈನಿಂಗ್ ಕಾಟನ್ನೇ ಆಗಬೇಕು, ರಾತ್ರಿ ನೆನೆಸಿಟ್ಟು ಒಣಗಿಸಿಯೇ ಕತ್ತರಿಸಬೇಕು. ಬಿಳಿ ಲೈನಿಂಗ್ ಬೇಡವೇ ಬೇಡ. ಕುಂಕುಮ ಕೆಂಪು, ಕಡುನೀಲಿ ಬೆವರಿಗೂ ಬಣ್ಣ ಬಿಡಬಹುದು. ಥಾನು ಬಂದ ತಕ್ಷಣ ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ನೋಡಿ, ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಪಾಲಿಯೆಸ್ಟರ್ ಖಣ ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಚಿಕ್ಕಪೇಟೆಯಲ್ಲೇ ಸಿಗುತ್ತೆ. ನಾನೂ ಹೊಲಿಸಿ ಇಟ್ಟೆ. ಪಕ್ಕಪಕ್ಕ ತೂಗುಹಾಕಿದರೆ ಕೈಮಗ್ಗದ್ದರ ಬೆಲೆಯನ್ನೂ ಅದು ಕೆಳಗೆಳೆಯುತ್ತೆ, ‘ಅದೇ ತರ ಇದೆಯಲ್ಲ, ಅದಕ್ಕೆ ಇಷ್ಟು, ಇದಕ್ಕೆ ಯಾಕಷ್ಟು’ ಅಂತ. ಒಂದೇ ಸ್ಟಾಲ್‌ನಲ್ಲಿ ಎರಡನ್ನೂ ಇಡಬೇಡಿ. ‘ಇದು ಮಹಾರಾಷ್ಟ್ರದ್ದಲ್ವಾ’ ಅಂತ ಕೇಳುವವರು ಪ್ರತಿ ಸ್ಟಾಲ್‌ನಲ್ಲೂ ಸಿಗುತ್ತಾರೆ. ಅಲ್ಲಿಯವರು ತಲೆಮಾರುಗಳಿಂದ ಉಟ್ಟಿದ್ದಾರೆ, ನೇಯ್ದದ್ದು ಬಾಗಲಕೋಟೆ ಜಿಲ್ಲೆಯಲ್ಲಿ ಅಂತ ಹೇಳಿ, ತೇರು, ಆನೆ ಹೆಜ್ಜೆ ಡಿಸೈನ್ ಬೆರಳಿಟ್ಟು ತೋರಿಸಿದರೆ ಚೌಕಾಸಿ ಅಲ್ಲಿಗೆ ನಿಲ್ಲುತ್ತೆ. ನೇಕಾರರ ವಿಳಾಸ ಕೇಳಬೇಡಿ, ಹೇಳೋದಿಲ್ಲ.

ಸೈಡ್ ಹೊಲಿಯದ ಬ್ಲೌಸನ್ನು ಟ್ರಯಲ್ ಹೇಗೆ ನೋಡೋದು ಅನ್ನುವ ಪ್ರಶ್ನೆಗೆ ಉತ್ತರ ಅಳತೆ ಬ್ಲೌಸ್. ಟೈಲರ್ ಹತ್ರ ಹೋಗುವಾಗ ಎಲ್ಲರೂ ಒಂದು ಅಳತೆ ಬ್ಲೌಸ್ ಒಯ್ಯುತ್ತಾರೆ, ಎಕ್ಸಿಬಿಷನ್‌ಗೆ ಯಾರೂ ತರೋದಿಲ್ಲ. ಹಾಗಾಗಿ ಅದನ್ನು ನಾವೇ ಇಟ್ಟುಕೊಳ್ಳುವುದು. 34ರಿಂದ 45ರವರೆಗೆ ಇಂಚಿಗೊಂದರಂತೆ, ಅದೇ ಪ್ಯಾಟರ್ನ್‌ನಲ್ಲಿ, ಸಾದಾ ಕಾಟನ್‌ನಲ್ಲಿ ಹನ್ನೆರಡು ಬ್ಲೌಸ್. ಬೆನ್ನಿನ ಮೇಲೆ ದೊಡ್ಡದಾಗಿ ನಂಬರ್. ಪರದೆ ಹಿಂದೆ ಎರಡು ಹಾಕಿ ನೋಡಿದರೆ ನಂಬರ್ ಸಿಕ್ಕಿಬಿಡುತ್ತೆ. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಮಾರುವ ಮಾಲಿಗೆ ಬೆವರು, ಪೌಡರ್, ಲಿಪ್‌ಸ್ಟಿಕ್ ತಾಗೋದಿಲ್ಲ. ಮೊದಲೆಲ್ಲ ಪ್ರತಿ ಎಕ್ಸಿಬಿಷನ್ ಮುಗಿದಾಗ ನಾಲ್ಕೈದು ಪೀಸ್ ಕಲೆಯಾಗಿ ಅರ್ಧ ಬೆಲೆಗೆ ಹೋಗುತ್ತಿದ್ದವು. ಅಳತೆ ಬ್ಲೌಸ್‌ಗಳನ್ನು ಪ್ರತಿ ರಾತ್ರಿ ಒಗೆಯಲೇಬೇಕು. ಎರಡು ಸೆಟ್ ಇದ್ದರೆ ನಿಶ್ಚಿಂತೆ.

ಚೀಟಿಯಲ್ಲಿ ಮೂರೇ ಸಂಖ್ಯೆ: ಎದೆ, ಕೆಳಸುತ್ತು, ತೋಳಿನ ಸುತ್ತು. ಉದ್ದ 14½ಕ್ಕೆ ಖಾಯಂ, ಒಳಗೆ ಒಂದು ಇಂಚು ಮಡಿಕೆ. ಚೀಟಿಯನ್ನು ಗುಂಡುಸೂಜಿಯಲ್ಲಿ ಹ್ಯಾಂಗರ್‌ನ ದಾರಕ್ಕೆ ಸಿಕ್ಕಿಸಿ. ಬಟ್ಟೆಗೇ ಸ್ಟೇಪಲ್ ಹೊಡೆದರೆ ತೆಗೆಯುವಾಗ ಎಳೆ ಕಿತ್ತು ಬರುತ್ತೆ. ಹೊಲಿಯುವಾಗ ಎಡವುವುದೆಲ್ಲ ಕಂಕುಳಲ್ಲಿ, ನಾಲ್ಕು ಹೊಲಿಗೆ ಕೂಡುವ ಆ ಪ್ಲಸ್ ಗುರುತಿನಲ್ಲಿ. ಕಾಲು ಇಂಚು ತಪ್ಪಿದರೂ ಕೈ ಎತ್ತಿದಾಗ ಕಾಣುತ್ತೆ. ಮೊದಲು ಅಲ್ಲಿ ಪಿನ್ ಹಾಕಿ, ಆಮೇಲೆ ಎರಡು ತುದಿಗೆ. ಗೆರೆಯನ್ನು ಕಂಕುಳಲ್ಲಿ ಮೂಲೆ ಮಾಡಿ ತಿರುಗಿಸಬಾರದು, ದುಂಡಗೆ ಹೊಲಿಯಬೇಕು. ಒಳಗಿನ ಮಾರ್ಜಿನ್‌ಗೆ ಅಲ್ಲಿ ಎರಡು ಸಣ್ಣ ಕಚ್ಚು ಕೊಟ್ಟರೆ ಬಿರುಸಾಗಿ ಎಳೆಯೋದಿಲ್ಲ.

ಮಷೀನ್ ಅಂದರೆ ಸಣ್ಣ ಮೋಟರ್ ಹಾಕಿದ ಮಾಮೂಲು ಹೊಲಿಗೆ ಯಂತ್ರದ ತಲೆ, ಕಾಲಿನ ಸ್ಟ್ಯಾಂಡ್ ಬೇಡ. ಆಯೋಜಕರು ಕೊಡುವ ಮಡಚುವ ಟೇಬಲ್ ಅಲ್ಲಾಡಿ ಹೊಲಿಗೆ ಸೊಟ್ಟಗಾಗುತ್ತೆ. ಕೆಳಗೆ ಮುಕ್ಕಾಲು ಇಂಚಿನ ಪ್ಲೈವುಡ್ ತುಂಡು, ಅದರಡಿ ರಬ್ಬರ್ ಮ್ಯಾಟ್. ಸೂಜಿ 11 ನಂಬರ್, 14 ಹಾಕಿದರೆ ತೂತು ಎದ್ದು ಕಾಣುತ್ತೆ. ಆರು ಬಣ್ಣದ ದಾರ ಬಾಬಿನ್‌ಗೆ ಸುತ್ತಿಕೊಂಡೇ ಹೋಗಬೇಕು. ಅಲ್ಲಿ ಸುತ್ತುತ್ತಾ ಕೂತರೆ ಸಂಜೆಯ ಗಿರಾಕಿ ಕೈತಪ್ಪುತ್ತಾರೆ. ಮಷೀನ್‌ನಿಂದ ಕರೆಂಟ್ ತೊಂದರೆ ಇಲ್ಲ, ತೊಂದರೆ ಇಸ್ತ್ರಿಪೆಟ್ಟಿಗೆಯಿಂದ. ಸಾವಿರ ವ್ಯಾಟ್‌ನದ್ದು ಹಾಕಿದರೆ ಸಾಲಿನ ನಾಲ್ಕು ಸ್ಟಾಲ್‌ನ ಲೈಟ್ ಒಟ್ಟಿಗೆ ಹೋಗುತ್ತೆ, ಎಲ್ಲರೂ ನಿಮ್ಮತ್ತ ತಿರುಗುತ್ತಾರೆ. ಪ್ರವಾಸಕ್ಕೆ ಒಯ್ಯುವ ಸಣ್ಣ ಇಸ್ತ್ರಿಪೆಟ್ಟಿಗೆ ಸಾಕು, ಒತ್ತಬೇಕಾದದ್ದು ಎರಡು ಗೆರೆ ಮಾತ್ರ. ಹಾಲ್‌ಗಳ ಹಳದಿ ಸ್ಪಾಟ್‌ಲೈಟ್ ಕೆಳಗೆ ನೇರಳೆ ಬಣ್ಣ ಕಂದಾಗಿ ಕಾಣುತ್ತೆ, ಸೀರೆಗೆ ಮ್ಯಾಚಿಂಗ್ ನೋಡುವವರು ಬಟ್ಟೆ ಹಿಡಿದು ಬಾಗಿಲ ಹತ್ರ ಓಡುತ್ತಾರೆ. ನಮ್ಮದೇ ಒಂದು ಬಿಳಿ ಎಲ್‌ಇಡಿ ಒಯ್ದರೆ ಆ ಓಡಾಟ ತಪ್ಪುತ್ತೆ.

ದುಡ್ಡಿನ ಲೆಕ್ಕ ಅಂದಾಜಿನಲ್ಲಿ ಹೇಳುತ್ತೇನೆ. ಖಣಕ್ಕೆ 370–380, ಲೈನಿಂಗ್ 75, ಹೊಲಿಗೆ ಕೂಲಿ 200, ಹುಕ್-ದಾರ-ಕವರ್ 30. ಒಟ್ಟು 680ರ ಹತ್ತಿರ. ಮಾರುವುದು 1,450ಕ್ಕೆ, ಫಿಟ್ಟಿಂಗ್ ಸೇರಿ. ಅದರಲ್ಲೇ ಜಿಎಸ್‌ಟಿ ಕಳೆದರೆ ಕೈಗೆ 1,380, ಉಳಿಯುವುದು 700. ಸಾವಿರ ದಾಟಿದ ಬಟ್ಟೆಗೆ ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪೀಸ್‌ಗೆ ಶೇ. 5 ಆಗಿದ್ದು ನಮ್ಮಂಥವರಿಗೆ ನಿಜವಾದ ಅನುಕೂಲ. ಆದರೆ 2,500 ದಾಟಿದರೆ ಶೇ. 18. ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಹಾಕಿಸಿ 2,800 ಇಡುವ ಬದಲು ಕೆಲಸ ಸ್ವಲ್ಪ ಇಳಿಸಿ 2,490ಕ್ಕೆ ನಿಲ್ಲಿಸಿದರೆ ಗಿರಾಕಿಗೂ ಹಗುರ, ನಮಗೂ ಹೆಚ್ಚು ಉಳಿಯುತ್ತೆ.

ಮೂರು ದಿನಕ್ಕೆ ಸ್ಟಾಲ್ ಬಾಡಿಗೆ 22 ಸಾವಿರದ ಆಸುಪಾಸು, ಟೈಲರ್‌ಗೆ ದಿನಕ್ಕೆ 1,200, ಸಹಾಯಕಿಗೆ 800, ಟಾಟಾ ಏಸ್ ಹೋಗಿಬರೋಕೆ 3,000, ಊಟ-ಕಾಫಿ-ಚಿಲ್ಲರೆ ಎರಡು ಸಾವಿರ. ಎಲ್ಲ ಸೇರಿ 33 ಸಾವಿರ. ನಲವತ್ತೇಳನೇ ಬ್ಲೌಸ್‌ವರೆಗೆ ದುಡಿಮೆ ಹಾಲ್‌ನವರಿಗೆ, ಆಮೇಲಿನದು ನಮಗೆ. ನೂರು ಹೋದರೆ 37 ಸಾವಿರ. ಟೈಲರ್ ಖರ್ಚು ದಂಡ ಅಂದವರಿಗೆ ಒಂದು ಮಾತು: ಆ 3,600 ರೂಪಾಯಿ ಐದಾರು ಬ್ಲೌಸ್‌ನಲ್ಲಿ ಬರುತ್ತೆ, ಆತ ಕೂತಿರುವುದರಿಂದ ಹೆಚ್ಚುವರಿ ಹೋಗುವುದು ಅರವತ್ತು ಎಪ್ಪತ್ತು.

ಸಂಜೆ ಐದರಿಂದ ಏಳೂವರೆ ಜನ ಒಮ್ಮೆಲೇ ಬೀಳುತ್ತಾರೆ. ಸಾಲು ನಿಲ್ಲಿಸಬೇಡಿ. ಪೂರ್ತಿ ದುಡ್ಡು ತಗೊಂಡು ಟೋಕನ್ ಕೊಟ್ಟು ‘ಒಂದು ರೌಂಡ್ ಹಾಕಿ ಬನ್ನಿ ಮೇಡಂ, ಅರ್ಧ ಗಂಟೆ’ ಅನ್ನಿ. ಅಡ್ವಾನ್ಸ್ ಪದ್ಧತಿ ಬೇಡ, ಬರೀ ನೂರು ಕೊಟ್ಟವರು ವಾಪಸ್ ಬರೋದು ಅನುಮಾನ. ಪೂರ್ತಿ ಕೊಟ್ಟವರು ಬಂದೇ ಬರುತ್ತಾರೆ, ಬಂದಾಗ ಹಾಕಿ ನೋಡಿ ಕೂತಿದ್ದು ಕಂಡರೆ ಇನ್ನೊಂದು ಬಣ್ಣ ಕೇಳುತ್ತಾರೆ. ಎರಡನೆಯದನ್ನು ಮಾರೋಕೆ ಬಾಯಿ ಆಡಿಸಬೇಕಾಗಿಲ್ಲ, ಅಳತೆ ಚೀಟಿ ಆಗಲೇ ಇರುತ್ತೆ.

ಜಾಗದ ವಿಷಯ. ಚಿತ್ರಕಲಾ ಪರಿಷತ್ತಿನ ಕೈಮಗ್ಗದ ಮೇಳಗಳಿಗೆ ಬರುವವರು ಬಟ್ಟೆ ಬಲ್ಲವರು, ಅಲ್ಲಿ ಬೆಲೆ ಹೇಳೋಕೆ ಹಿಂಜರಿಯಬೇಕಿಲ್ಲ. ಮಾಲ್‌ನಲ್ಲಿ ಜನ ಇದ್ದಾರೆ, ಕೊಳ್ಳೋರಿಲ್ಲ. ಬಯಲು ಸಂತೆಗಳಲ್ಲಿ ಧೂಳು, ಬಿಸಿಲು, ಸಂಜೆ ಮಳೆ. ಪರದೆ ಕಟ್ಟಲೂ ಆಗದು, ಅಲ್ಲಿಗೆ ಸಣ್ಣ ಸಾಮಾನು ಮಾತ್ರ. ನನ್ನ ಮೆಚ್ಚಿನದು ವೈಟ್‌ಫೀಲ್ಡ್, ಸರ್ಜಾಪುರ ಕಡೆಯ ದೊಡ್ಡ ಅಪಾರ್ಟ್‌ಮೆಂಟ್‌ಗಳ ಕ್ಲಬ್‌ಹೌಸ್. ಒಂದು ಟೇಬಲ್‌ಗೆ ಎರಡು ಎರಡೂವರೆ ಸಾವಿರ, ಗಿರಾಕಿಗಳು ಮೇಲೆ ಹೋಗಿ ಸೀರೆಯನ್ನೇ ತಂದು ಪಕ್ಕಕ್ಕೆ ಹಿಡಿದು ನೋಡುತ್ತಾರೆ. ಸೀರೆ ಕೆಳಗೆ ಬಂತು ಅಂದರೆ ವ್ಯಾಪಾರ ಆಯಿತು ಅಂತಲೇ ಲೆಕ್ಕ.

ಕಾಲ ನೋಡಿ ಹೋಗಬೇಕು. ವರಮಹಾಲಕ್ಷ್ಮಿ ಹತ್ತಿರ ಬಂದಾಗ ಊರಿನ ಟೈಲರ್‌ಗಳೆಲ್ಲ ‘ಹಬ್ಬ ಆದ್ಮೇಲೆ ಬನ್ನಿ’ ಅನ್ನುವ ಸಮಯ, ನಮ್ಮ ಅರ್ಧ ಗಂಟೆಯ ಫಿಟ್ಟಿಂಗ್‌ಗೆ ಬೆಲೆ ಬರುವುದು ಆಗ. ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣ ಕೇಳುವವರಿದ್ದಾರೆ. ಆಷಾಢದಲ್ಲಿ ಎಲ್ಲರೂ ಡಿಸ್ಕೌಂಟ್ ಕೇಳುತ್ತಾರೆ, ಆ ತಿಂಗಳು ಸ್ಟಾಲ್ ಬಿಟ್ಟು ಹೊಲಿಗೆ ಮುಗಿಸಿಕೊಳ್ಳುವುದೇ ವಾಸಿ. ನೂರು ಬ್ಲೌಸ್ ಒಯ್ದರೆ 36ರವು ಹದಿನೈದು, 39 ಮತ್ತು 42 ತಲಾ ಮೂವತ್ತೈದು, 45ರವು ಹದಿನೈದು. ಬಣ್ಣದಲ್ಲಿ ಮೊದಲು ಖಾಲಿಯಾಗುವುದು ಕಪ್ಪು. ಶುಭಕಾರ್ಯಕ್ಕೆ ಕಪ್ಪು ಬೇಡ ಅಂತ ಬಾಯಲ್ಲಿ ಅನ್ನುತ್ತಾರೆ, ಹತ್ತು ಸೀರೆಗೆ ಹೊಂದುತ್ತೆ ಅಂತ ಅದನ್ನೇ ಎತ್ತಿಕೊಳ್ಳುತ್ತಾರೆ.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ತೋಳಿಲ್ಲದ ಬ್ಲೌಸ್ ಈ ವಿಧಾನಕ್ಕೆ ಒಗ್ಗಲಿಲ್ಲ: ಸೈಡ್ ಹಿಡಿದರೆ ಆರ್ಮ್‌ಹೋಲ್ ಪೈಪಿಂಗ್ ಅಲ್ಲೇ ಮುರಿಯುತ್ತೆ. ಬೋಟ್ ನೆಕ್‌ಗೆ ಶೋಲ್ಡರ್ ಅಳತೆ ಕರಾರುವಾಕ್ಕಾಗಿ ಬೇಕು, ಅದನ್ನೂ ಕೈಬಿಟ್ಟೆ. ಹಿಂದೆ ಏಳು ಇಂಚಿನ ರೌಂಡ್ ನೆಕ್, ಮೇಲೆ ದೋರಿ ಇದ್ದರೆ ಶೋಲ್ಡರ್‌ನ ಅರ್ಧ ಇಂಚು ವ್ಯತ್ಯಾಸ ದೋರಿಯೇ ಸರಿಮಾಡಿಕೊಳ್ಳುತ್ತೆ. ಉಳಿದ ಚೂರುಗಳಿಂದ ಮಾಡಿಸಿದ ತಾಂಬೂಲದ ಚೀಲಗಳು ಅಂದಾಜು ಮೀರಿ ಓಡಿದವು. ಒಳಗೆ ಕ್ಯಾನ್ವಾಸ್, ಬಾಯಿಗೆ ದಾರ, 120 ರೂಪಾಯಿ. ಒಂದೊಂದಾಗಿ ಮಾರಿದರೆ ಏನೂ ಇಲ್ಲ, ಗೃಹಪ್ರವೇಶ, ಸೀಮಂತಕ್ಕೆ ಐವತ್ತು, ನೂರು ಆರ್ಡರ್ ಬರುತ್ತೆ. ದುಡ್ಡು ಕೊಡುವ ಟೇಬಲ್ ಮೇಲೆ ನಾಲ್ಕು ಇಟ್ಟು ಫೋನ್ ನಂಬರ್ ಚೀಟಿ ಕಟ್ಟಿಬಿಡಿ. ರಾಜ್ಯೋತ್ಸವಕ್ಕೆ ಹಳದಿ ಒಡಲು, ಕೆಂಪು ಅಂಚಿನ ಖಣ ಐಟಿ ಕಂಪನಿಗಳ ಆವರಣದಲ್ಲಿ ಚೆನ್ನಾಗಿ ಹೋಗುತ್ತೆ. ಕಚೇರಿಗಳಲ್ಲಿ ನವೆಂಬರ್ ಪೂರ್ತಿ ಆಚರಣೆ ಇರುವುದರಿಂದ ಒಂದನೇ ತಾರೀಖು ಕಳೆದರೂ ಮಾಲು ಉಳಿಯೋದಿಲ್ಲ. ಗಂಡಸರಿಗೆ ಖಣದ ವೇಸ್ಟ್‌ಕೋಟ್ ಮಾಡಿಸಿದ್ದು ಮಾತ್ರ ನೋಡೋಕೆ ಜನ, ಕೊಳ್ಳೋಕೆ ಇಲ್ಲ.

ಮಾರಾಟವಾಗದೆ ಉಳಿದವುಗಳ ಸೈಡ್ ಹೊಲಿಯದೆ ಹಾಗೇ ಬಿಡಿ. ಮಡಚಿಟ್ಟರೆ ಮಡಿಕೆಯಲ್ಲಿ ರೇಷ್ಮೆ ಎಳೆ ಸೀಳುತ್ತೆ. ಹಳೇ ಕಾಟನ್ ಬಟ್ಟೆ ಹೊದಿಸಿ ಹ್ಯಾಂಗರ್‌ನಲ್ಲೇ ತೂಗುಹಾಕಿದರೆ ಮುಂದಿನ ಶ್ರಾವಣದಲ್ಲಿ ಇಸ್ತ್ರಿ ಮುಟ್ಟಿಸಿ ಹೊಸ ಮಾಲಿನ ಜೊತೆಗೇ ಒಯ್ಯಬಹುದು.