ನಾಯಿ ಏನೋ ತಿಂದಿದೆ: ಮುಂದಿನ ಐದು ದಿನ ಏನು ನೋಡಬೇಕು?

ನಮ್ಮ ಮನೆಯ ನಾಯಿ ಒಂದೂವರೆ ವರ್ಷದವಳಿದ್ದಾಗ ಸ್ಟೋರ್ ರೂಮಿನ ಮೂಲೆಯಲ್ಲಿದ್ದ ಇಲಿ ಪಾಷಾಣ ತಿಂದಿದ್ದಳು. ನಮಗೆ ಗೊತ್ತೇ ಆಗಲಿಲ್ಲ. ಅವತ್ತು ಸಂಜೆ ಚೆಂಡಿನ ಹಿಂದೆ ಓಡಿದಳು, ತಟ್ಟೆ ಖಾಲಿ ಮಾಡಿದಳು, ಎಂದಿನಂತೆ ಮಂಚದ ಕೆಳಗೆ ಹೋಗಿ ಮಲಗಿದಳು. ಮಾರನೇ ದಿನವೂ ಹಾಗೇ ಇದ್ದಳು. ನಾಲ್ಕನೇ ದಿನ ಬೆಳಿಗ್ಗೆ ಸಣ್ಣಗೆ ಕೆಮ್ಮು ಶುರುವಾಯಿತು. ಥಂಡಿ ಆಗಿರಬೇಕು ಅಂದುಕೊಂಡೆವು. ಮಧ್ಯಾಹ್ನ ಮೆಟ್ಟಿಲು ಹತ್ತಲು ಹೋದವಳು ಎರಡನೇ ಮೆಟ್ಟಿಲಲ್ಲೇ ಕೂತುಬಿಟ್ಟಳು. ಆಗ ತುಟಿ ಎತ್ತಿ ನೋಡಿದೆ. ವಸಡಿನಲ್ಲಿ ಕೆಂಪೇ ಇರಲಿಲ್ಲ, ಸುಣ್ಣ ಬಳಿದ ಹಾಗಿತ್ತು. ಅದು ಥಂಡಿಯ ಕೆಮ್ಮಲ್ಲ. ಎದೆಯೊಳಗೆ ರಕ್ತ ಸೋರುತ್ತಿತ್ತು.

ಬದುಕಿಕೊಂಡಳು. ರಕ್ತ ಕೊಡಿಸಬೇಕಾಯಿತು, ಆಮೇಲೆ ನಾಲ್ಕು ವಾರ ವಿಟಮಿನ್ ಕೆ ಮಾತ್ರೆ. "ತಿಂದ ಮೇಲೂ ಚೆನ್ನಾಗೇ ಆಡ್ತಿದೆಯಲ್ಲ" ಅನ್ನುವ ಸಮಾಧಾನವನ್ನು ಅವತ್ತಿನಿಂದ ನಾನು ನಂಬುವುದಿಲ್ಲ. ಕೆಲವು ವಿಷ ಅರ್ಧ ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವು ಐದು ದಿನ ಸುಮ್ಮನಿರುತ್ತದೆ. ಯಾವುದು ಯಾವಾಗ ಎಂದು ಗೊತ್ತಿದ್ದರೆ ಲಕ್ಷಣ ಗುರುತಿಸುವುದು ಅಷ್ಟೇನೂ ಕಷ್ಟವಲ್ಲ.

ಮೊದಲು: ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಿ

ಇದನ್ನು ಇವತ್ತೇ ಮಾಡಿ. ನಾಯಿಯ ಪಕ್ಕ ಕೂತು ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ. ವಸಡು ನಸುಗೆಂಪಾಗಿ, ಒದ್ದೆಯಾಗಿ, ಬೆರಳಿಗೆ ಜಾರುವಂತಿರಬೇಕು. ಕೋರೆಹಲ್ಲಿನ ಮೇಲ್ಗಡೆಯ ವಸಡನ್ನು ಬೆರಳ ತುದಿಯಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, 2 ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಿಕೊಳ್ಳಬೇಕು. ಅದಕ್ಕಿಂತ ತಡವಾದರೆ ರಕ್ತ ಸರಿಯಾಗಿ ಓಡುತ್ತಿಲ್ಲ ಎಂದು ಅರ್ಥ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯನ್ನು ಸ್ವಲ್ಪ ಕೆಳಕ್ಕೆಳೆದು ಒಳಗಿನ ಬಣ್ಣ ನೋಡಿ.

ನಾಯಿ ನಿದ್ದೆ ಮಾಡುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಜಾಸ್ತಿ. ಮೂಗು ಒಣಗಿದೆಯೋ ತಣ್ಣಗಿದೆಯೋ ಎಂದು ನೋಡಿ ಜ್ವರ ನಿರ್ಧರಿಸಲು ಆಗುವುದಿಲ್ಲ. ತೂಕವನ್ನೂ ಒಂದು ಕಡೆ ಬರೆದಿಡಿ. ತಿಂದದ್ದು ಎಷ್ಟು ಅಪಾಯ ಎಂಬುದನ್ನು ಡಾಕ್ಟರು ಲೆಕ್ಕ ಹಾಕುವುದು ನಾಯಿಯ ತೂಕದ ಮೇಲೆ.

ತಿನ್ನುವುದು ಕಂಡರೆ, ಅಥವಾ ಅನುಮಾನ ಬಂದರೆ

ಉಳಿದದ್ದನ್ನು ದೂರ ಎತ್ತಿಡಿ. ಪೊಟ್ಟಣ, ಡಬ್ಬಿ, ಮಾತ್ರೆಯ ಹಾಳೆ ಏನಿದ್ದರೂ ಎಸೆಯಬೇಡಿ. ಎಷ್ಟು ಇತ್ತು, ಎಷ್ಟು ಉಳಿದಿದೆ, ಎಷ್ಟು ಹೊತ್ತಿಗೆ ತಿಂದಿರಬಹುದು ಎಂದು ಗುರುತು ಹಾಕಿಕೊಂಡು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಲಕ್ಷಣ ಬರಲಿ ಎಂದು ಕಾಯಬೇಡಿ. ಹೊಟ್ಟೆಯಿಂದ ವಾಂತಿ ಮಾಡಿಸಿ ತೆಗೆಯಲು ಒಳ್ಳೆಯ ಅವಕಾಶ ಇರುವುದು ಸುಮಾರು ಮೊದಲ ಎರಡು ಗಂಟೆಯಲ್ಲಿ.

ಗಾಬರಿಯಲ್ಲಿ ಮನೆಮದ್ದಿಗೆ ಕೈ ಹಾಕುವುದೇ ಹೆಚ್ಚು. ದಯವಿಟ್ಟು ಬೇಡ. ಉಪ್ಪು ನೀರು ಕುಡಿಸಿದರೆ ಆ ಉಪ್ಪೇ ವಿಷವಾಗಬಹುದು. ಹಾಲು, ಎಣ್ಣೆ ವಿಷವನ್ನು ಇಳಿಸುವುದಿಲ್ಲ. ಗಂಟಲಿಗೆ ಬೆರಳು ಹಾಕಬೇಡಿ. ಆಸಿಡ್, ಸೀಮೆಎಣ್ಣೆ, ಪೆಟ್ರೋಲ್, ಬ್ಯಾಟರಿ, ಚೂಪಾದ ವಸ್ತು ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸುವುದರಿಂದಲೇ ಅನಾಹುತ ಆಗುತ್ತದೆ, ಏಕೆಂದರೆ ಆಸಿಡ್‌ನಂಥದ್ದು ಒಳಗೆ ಹೋಗುವಾಗ ಸುಟ್ಟ ಹಾಗೆ ಹೊರಗೆ ಬರುವಾಗಲೂ ಸುಡುತ್ತದೆ, ಸೀಮೆಎಣ್ಣೆ, ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿಯಬಹುದು, ಚೂಪಾದದ್ದು ಗಂಟಲು ಸೀಳಬಹುದು.

ಇಲ್ಲಿ ಇನ್ನೊಂದು ಮಾತು. ಇಲಿ ಪಾಷಾಣದಲ್ಲಿ ಜಿಂಕ್ ಫಾಸ್ಫೈಡ್ ಎಂಬ ಒಂದು ಬಗೆ ಇದೆ. ಹೊಟ್ಟೆಯ ಆಮ್ಲ ತಾಗಿದಾಗ ಅದರಿಂದ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೇ ಆ ನಾಯಿಗೆ ಊಟ ಹಾಕಬಾರದು, ಊಟ ಹಾಕಿದರೆ ಆಮ್ಲ ಜಾಸ್ತಿಯಾಗುತ್ತದೆ. ಅದು ವಾಂತಿ ಮಾಡಿದರೆ ಬಗ್ಗಿ ಮೂಸಿ ನೋಡಬೇಡಿ. ಕಾರಿನಲ್ಲಿ ಕರೆದೊಯ್ಯುವಾಗ ಕಿಟಕಿ ತೆರೆದಿರಲಿ. ಆ ಗಾಳಿ ಮನುಷ್ಯರಿಗೂ ಅಪಾಯ.

ಮೊದಲ ಕೆಲವು ಗಂಟೆ

ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ನಮಗೆ ಏನೂ ಆಗುವುದಿಲ್ಲ. ನಾಯಿಗೆ ಮಾತ್ರ ಅರ್ಧ ಗಂಟೆ, ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಕಾಲು ಸೋಲುತ್ತದೆ, ತೂರಾಡುತ್ತದೆ, ಫಿಟ್ಸ್ ಬರಬಹುದು. ಅದರಿಂದ ಪಾರಾದರೂ ಒಂದೆರಡು ದಿನದಲ್ಲಿ ಲಿವರ್ ಕೆಡುವ ಭಯ ಇದ್ದೇ ಇರುತ್ತದೆ.

ಬಾಯಿಂದ ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ಬೇಧಿ, ತಡೆಯಿಲ್ಲದೆ ಮೂತ್ರ, ಮೈ ನಡುಕ ಎಲ್ಲ ಒಟ್ಟಿಗೆ ಬಂದರೆ ಕೀಟನಾಶಕದ ಅನುಮಾನ ಪಡಬೇಕು. ಕಸದ ಬುಟ್ಟಿಯ ಬೂಷ್ಟು ಹಿಡಿದ ಆಹಾರ ತಿಂದರೂ ನಡುಕ ಬರುತ್ತದೆ. ಚಾಕೊಲೇಟ್ ಸ್ವಲ್ಪ ನಿಧಾನ, ಸಾಮಾನ್ಯವಾಗಿ 6ರಿಂದ 12 ಗಂಟೆ. ಮೊದಲು ವಾಂತಿ, ಬಾಯಾರಿಕೆ, ಕೂತಲ್ಲಿ ಕೂರದ ಚಡಪಡಿಕೆ. ಎದೆಯ ಮೇಲೆ ಕೈಯಿಟ್ಟರೆ ಹೃದಯ ಓಡುತ್ತಿರುವುದು ಗೊತ್ತಾಗುತ್ತದೆ. ಬಣ್ಣ ಗಾಢವಾದಷ್ಟೂ, ಕಹಿ ಹೆಚ್ಚಿದಷ್ಟೂ ಚಾಕೊಲೇಟ್ ಅಪಾಯಕಾರಿ.

ನಮಗೆಂದು ತಂದ ನೋವಿನ ಮಾತ್ರೆಯೂ ಈ ಪಟ್ಟಿಯಲ್ಲೇ ಬರುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ವಸಡು ಕಂದು ಬಣ್ಣಕ್ಕೆ ತಿರುಗಬಹುದು, ಮುಖ ಊದಬಹುದು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ ಒಳಗೆ ರಕ್ತ ಹೋಗುತ್ತಿದೆ ಎಂದೇ ತಿಳಿಯಿರಿ.

ವಾಸಿಯಾದಂತೆ ಕಾಣುವ ಹೊತ್ತು

ನನಗೆ ಹೆಚ್ಚು ಹೆದರಿಕೆ ಇರುವುದು ಈ ಹೊತ್ತಿನದು. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇರಬಹುದು. ಅದು ಸಿಹಿ, ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕುತ್ತದೆ. ಸ್ವಲ್ಪ ಹೊತ್ತಿಗೆ ಕುಡಿದವರ ಹಾಗೆ ತೂರಾಡುತ್ತದೆ, ವಾಂತಿ ಮಾಡುತ್ತದೆ. ಅರ್ಧ ದಿನ ಕಳೆಯುವಷ್ಟರಲ್ಲಿ ಎದ್ದು ಓಡಾಡತೊಡಗುತ್ತದೆ. ಮನೆಯವರು ಉಸ್ಸಪ್ಪಾ ಎಂದು ಉಸಿರು ಬಿಡುತ್ತಾರೆ. ಒಂದೂವರೆ ದಿನದಿಂದ ಮೂರು ದಿನದೊಳಗೆ ಕಿಡ್ನಿ ನಿಂತುಹೋಗುತ್ತದೆ. ಇದಕ್ಕೆ ಮದ್ದು ಇದೆ, ಆದರೆ ಕೊಡಬೇಕಾದದ್ದು ಆ ಮೊದಲ ಕೆಲವೇ ಗಂಟೆಗಳಲ್ಲಿ.

ದ್ರಾಕ್ಷಿ, ಒಣದ್ರಾಕ್ಷಿಯೂ ಕಿಡ್ನಿಗೇ ಪೆಟ್ಟು ಕೊಡುತ್ತವೆ. ಮೊದಲ ದಿನ ವಾಂತಿಯಾಗುತ್ತದೆ, ನಾಯಿ ಊಟ ಮುಟ್ಟುವುದಿಲ್ಲ. ಒಂದರಿಂದ ಮೂರು ದಿನದಲ್ಲಿ ಮೂತ್ರ ಕಡಿಮೆಯಾಗುತ್ತ ಬರುತ್ತದೆ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕ ಇದಕ್ಕಿಲ್ಲ. ಹಾಗಾಗಿ ನಾಯಿ ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿತು ಎಂದು ನೋಡುತ್ತಿರಿ.

ಮೂರನೇ ದಿನದಿಂದ ಐದನೇ ದಿನ

ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ಪುಡಿಯಿರಲಿ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಅದು ಕಣ್ಣಿಗೆ ಬೀಳುವುದು ಎಷ್ಟೋ ಸಲ ಮೂರ್ನಾಲ್ಕು ದಿನ ಬಿಟ್ಟು. ವಸಡು ಬಿಳಿಚುತ್ತದೆ, ಮೂತ್ರ ಕೆಂಪು ಮಿಶ್ರಿತ ಕಂದು ಬಣ್ಣವಾಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣದ್ದೂ ಇದೇ ಲೆಕ್ಕ. ಮೈಯಲ್ಲಿರುವ ಹೆಪ್ಪುಗಟ್ಟಿಸುವ ಅಂಶ ಮುಗಿಯುವವರೆಗೆ ಏನೂ ಕಾಣುವುದಿಲ್ಲ. ಮುಗಿದ ಮೇಲೆ ಒಳಗೇ ಸೋರಲು ಶುರು. ಮೂಗಿನಲ್ಲಿ ರಕ್ತ ಬರಲೇಬೇಕೆಂದಿಲ್ಲ. ನಮ್ಮವಳ ಹಾಗೆ ಬರೀ ಕೆಮ್ಮು, ಸುಸ್ತು ಇರಬಹುದು. ಒಂದು ಕಾಲು ಕುಂಟಬಹುದು, ಕೀಲಿನಲ್ಲಿ ರಕ್ತ ತುಂಬಿರುತ್ತದೆ. ಹಾಗಾಗಿ ಈ ದಿನಗಳಲ್ಲಿ ಬೆಳಿಗ್ಗೆ ಸಂಜೆ ತುಟಿ ಎತ್ತಿ ನೋಡಲೇಬೇಕು.

ನುಂಗಿದ್ದು ವಿಷವಲ್ಲ, ವಸ್ತುವಾದರೆ

ಕಾಲುಚೀಲ, ಚೆಂಡಿನ ತುಂಡು, ಹಣ್ಣಿನ ಓಟೆ, ಮೂಳೆ. ಇವು ಕರುಳಲ್ಲಿ ಸಿಕ್ಕಿಕೊಂಡರೆ ವಾಂತಿ ನಿಲ್ಲುವುದಿಲ್ಲ, ಕುಡಿದ ನೀರೂ ಹೊರಗೆ. ಮಲ ಬರುವುದಿಲ್ಲ, ಇಲ್ಲವೇ ತಿಣುಕಿ ತಿಣುಕಿ ಸ್ವಲ್ಪ ಬರುತ್ತದೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಂತರೆ ಆಟಕ್ಕೆ ಕರೆಯುತ್ತಿದೆ ಎಂದು ಕಾಣಬಹುದು. ಬಾಲ ಆಡಿಸದೆ, ಹಾಗೇ ಬಹಳ ಹೊತ್ತು ನಿಂತಿದ್ದರೆ ಅದು ಹೊಟ್ಟೆನೋವು. ದಾರ ನುಂಗಿ ಅದರ ತುದಿ ಬಾಯಲ್ಲೋ ಹಿಂದೆಯೋ ಕಂಡರೆ ಎಳೆಯಲೇಬೇಡಿ. ಒಳಗೆ ಕರುಳು ಕೊಯ್ದುಹೋಗುತ್ತದೆ.

ಹೊಟ್ಟೆ ಉಬ್ಬಿ, ಮತ್ತೆ ಮತ್ತೆ ಓಕರಿಸಿದರೂ ಏನೂ ಹೊರಗೆ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ದೊಡ್ಡ ಎದೆಯ ನಾಯಿಗಳಲ್ಲಿ ಇದು ಜಾಸ್ತಿ. ಬೆಳಗಾಗಲಿ ಎನ್ನಬೇಡಿ, ಗಂಟೆಗಳಲ್ಲಿ ಜೀವ ಹೋಗುತ್ತದೆ. ಫಿಟ್ಸ್, ಎದ್ದು ನಿಲ್ಲಲಾಗದಿರುವುದು, ಬಿಳಿ, ನೀಲಿ ಅಥವಾ ಕಂದು ವಸಡು, ಉಸಿರಿಗೆ ಒದ್ದಾಟ, ರಕ್ತದ ವಾಂತಿ ಕಂಡಾಗಲೂ ಹಾಗೇ, ಆ ಕ್ಷಣವೇ ಹೊರಡಿ. ಪೊಟ್ಟಣ ಜೊತೆಗಿರಲಿ. ವಾಂತಿಯ ಫೋಟೊ ತೆಗೆದುಕೊಳ್ಳಿ. ತಿಂದದ್ದು ಮನೆಯವರ ತಪ್ಪಿನಿಂದಾದರೂ ಡಾಕ್ಟರಿಗೆ ಏನೂ ಮುಚ್ಚಿಡಬೇಡಿ.

ಪದೇ ಪದೇ ತಿನ್ನುವ ನಾಯಿ

ಮಣ್ಣು, ಬಟ್ಟೆ, ಕಲ್ಲು, ಸಿಕ್ಕಿದ್ದೆಲ್ಲ ತಿನ್ನುವುದನ್ನು ತುಂಟತನ ಎಂದು ಬಿಟ್ಟುಬಿಡುತ್ತೇವೆ. ಅದೇ ಒಂದು ಲಕ್ಷಣ ಇರಬಹುದು. ರಕ್ತಹೀನತೆ, ಹೊಟ್ಟೆಹುಳ, ತಿಂದದ್ದು ಜೀರ್ಣವಾಗದಂಥ ಪ್ಯಾಂಕ್ರಿಯಾಸ್ ತೊಂದರೆ ಇದ್ದರೂ ಹೀಗಾಗುತ್ತದೆ. ಸ್ಟೆರಾಯ್ಡ್ ಮತ್ತು ಕೆಲವು ಫಿಟ್ಸ್ ಮಾತ್ರೆಗಳಿಂದ ಹಸಿವು ಏರುತ್ತದೆ. ಒಮ್ಮೆ ರಕ್ತ, ಮಲ ಪರೀಕ್ಷೆ ಮಾಡಿಸಿ. ಎಲ್ಲ ಸರಿಯಿದ್ದರೆ ಬೇಜಾರಿಗೆ ತಿನ್ನುತ್ತಿರಬಹುದು, ಆಟ ಮತ್ತು ಓಡಾಟ ಹೆಚ್ಚಿಸಿ. ಬಾಯಲ್ಲಿ ಏನಾದರೂ ಇದ್ದಾಗ ಅಟ್ಟಿಸಿಕೊಂಡು ಹೋಗಬೇಡಿ, ಕಿತ್ತುಕೊಳ್ಳುತ್ತಾರೆ ಎಂಬ ಅವಸರಕ್ಕೆ ನುಂಗಿಬಿಡುತ್ತದೆ. ಅದಕ್ಕಿಂತ ರುಚಿಯಾದದ್ದನ್ನು ತೋರಿಸಿ ಬಿಡಿಸಿ. "ಬಿಡು" ಅಂದರೆ ಬಿಡುವಷ್ಟು ಕಲಿಯುವ ತನಕ ಹೊರಗೆ ಕರೆದೊಯ್ಯುವಾಗ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ. ಅದರೊಳಗೆ ನಾಲಿಗೆ ಚಾಚಿ ಉಸಿರಾಡಲು, ನೀರು ಕುಡಿಯಲು ಜಾಗ ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.