ಅಪಘಾತ ಪರಿಹಾರಕ್ಕೆ ವಕೀಲರು ಬೇಕೇ? ಮೊದಲು ಕಾಗದ ಓದಿ ನೋಡಿ

ರಸ್ತೆ ಅಪಘಾತದಲ್ಲಿ ಕೈಕಾಲು ಮುರಿದುಕೊಂಡವರ ಮನೆಯಲ್ಲಿ ವಕೀಲರ ವಿಚಾರ ಸಾಮಾನ್ಯವಾಗಿ ತಪ್ಪು ಹೊತ್ತಿನಲ್ಲೇ ಬರುತ್ತದೆ. ಗಾಯಾಳುವಿಗೆ ಅರಿವಳಿಕೆ ಇಳಿಯುವ ಮೊದಲೇ ಪರಿಚಯದವರ ಪರಿಚಯದವರೊಬ್ಬರು ವಕಾಲತ್ತಿನ ಹಾಳೆ ಹಿಡಿದು ವಾರ್ಡಿಗೆ ಬಂದು ಸಹಿ ಹಾಕಿಸಿಕೊಂಡು ಹೋಗಿರುತ್ತಾರೆ. ಇಲ್ಲವೇ ಆಸ್ಪತ್ರೆಯ ಸಾಲ ತೀರದೆ, ವರ್ಷ ಕಳೆದ ಮೇಲೆ, ಏನಾದರೂ ಸಿಕ್ಕೀತೇ ಎಂದು ಮನೆಯವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಕಾರವಾರ, ಕುಮಟಾ, ಶಿರಸಿಯ ನ್ಯಾಯಾಲಯಗಳ ಆವರಣದಲ್ಲಿ ಈ ಎರಡೂ ಬಗೆಯವರನ್ನು ಬೇಕಾದಷ್ಟು ನೋಡಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಎಲ್ಲ ಅಪಘಾತಕ್ಕೂ ವಕೀಲರು ಬೇಕಾಗುವುದಿಲ್ಲ. ಬೇಕಾದ ಕಡೆ ಫೀಸು ಉಳಿಸಲು ಹೋದರೆ ಅದಕ್ಕಿಂತ ದುಬಾರಿಯಾದುದು ಇನ್ನೊಂದಿಲ್ಲ. ಇಲ್ಲಿ ಹೇಳುತ್ತಿರುವುದು ವಾಹನ ಅಪಘಾತದ ಗಾಯದ ಬಗ್ಗೆ ಮಾತ್ರ. ಕೆಲಸದ ವೇಳೆ ಆದ ಇತರ ಗಾಯಗಳಿಗೆ ನೌಕರರ ಪರಿಹಾರ ಕಾನೂನಿನ ಬೇರೆ ದಾರಿಯಿದೆ.

ಹಂತ 1: ವಾಹನ ಯಾವುದು, ವಿಮೆ ಇದೆಯೇ?

ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ವಕೀಲರ ಅಗತ್ಯವಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಇಂಥ ಪ್ರಕರಣದಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ನಿಗದಿಯಾಗಿದ್ದು, ಅರ್ಜಿ ಕಂದಾಯ ಇಲಾಖೆಯ ಅಧಿಕಾರಿಗಳ ಮುಂದೆ ಹೋಗುತ್ತದೆ. ‘ವಿಮೆ ಇರುವ ನಮ್ಮವರ ಗಾಡಿಯ ನಂಬರನ್ನೇ ಹಾಕಿಸೋಣ’ ಎಂದು ಸಲಹೆ ಕೊಡುವವರೂ ಈ ಹಂತದಲ್ಲಿಯೇ ಸಿಗುತ್ತಾರೆ. ಅದು ವಂಚನೆ, ಅಂಥವರ ಎದುರಿನಿಂದ ತಕ್ಷಣ ಎದ್ದು ಬರಬೇಕು.

ವಾಹನದ ಸಂಖ್ಯೆ ಗೊತ್ತಿದ್ದರೆ ಪರಿವಾಹನ್ ಜಾಲತಾಣದಲ್ಲಿ ಅದರ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ವಿಮೆ ಇಲ್ಲವೆಂದಾದರೆ ಹಣವನ್ನು ಮಾಲೀಕನ ಆಸ್ತಿಯಿಂದಲೇ ವಸೂಲು ಮಾಡಬೇಕಾಗುತ್ತದೆ; ಅದು ವಕೀಲರಿಲ್ಲದೆ ಆಗುವ ಕೆಲಸವಲ್ಲ.

ಹಂತ 2: ಠಾಣೆಯ ರಾಜಿ ಬೇಡ, ಗಡುವು ಮರೆಯಬೇಡಿ

ಚಾಲಕ ಪರಿಚಯದವನೆಂದೋ, ಪಕ್ಕದ ಊರಿನವನೆಂದೋ ಹತ್ತಿಪ್ಪತ್ತು ಸಾವಿರ ಪಡೆದು ದೂರು ಬೇಡವೆಂದು ಬರೆದುಕೊಟ್ಟರೆ ಮುಂದೆ ಪರಿಹಾರದ ಅರ್ಜಿಗೆ ಬುಡವೇ ಇರುವುದಿಲ್ಲ. ಅಪಘಾತವಾದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಹೇಳುತ್ತದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ ಎಂಬುದು ನಿಜ. ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಹಂತ 3: ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವುದು

ಜನ ಹೆಚ್ಚಾಗಿ ಎಡವುವುದು ಇಲ್ಲಿ. ವಕೀಲರು ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಧ ಉತ್ತರವೂ ಇಲ್ಲಿಯೇ ಸಿಗುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಾಯಾಳು ಒಂದೇ ಆಸ್ಪತ್ರೆಯಲ್ಲಿ ಗುಣವಾಗುವುದು ಅಪರೂಪ. ದೇವಿಮನೆ ಘಟ್ಟದಲ್ಲೋ, ಅಂಕೋಲೆಯ ಹೆದ್ದಾರಿಯಲ್ಲೋ ಬಿದ್ದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ದು, ಅಲ್ಲಿಂದ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ, ನೇರವಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಬಾಂಬೋಳಿಗೋ ಸಾಗಿಸುತ್ತಾರೆ. ಪ್ರತಿಯೊಂದು ಕಡೆಯೂ ಗಾಯ ಹೇಗಾಯಿತೆಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ, ಮತ್ತು ಪ್ರತಿಯೊಂದು ಕಡೆಯೂ ಉತ್ತರ ಕೊಡುವವರು ಬೇರೆ ಬೇರೆ. ಮೊದಲ ಕಡೆ ಆಂಬುಲೆನ್ಸಿನ ಹುಡುಗ, ಎರಡನೆಯ ಕಡೆ ಗಾಬರಿಗೊಂಡ ಭಾವ, ಮೂರನೆಯ ಕಡೆ ಪೊಲೀಸ್ ತಾಪತ್ರಯ ಬೇಡವೆಂದು ‘ಬೈಕಿನಿಂದ ತಾನೇ ಬಿದ್ದ’ ಎಂದು ಹೇಳಿಬಿಡುವ ಹಿತೈಷಿ. ವೈದ್ಯರು ಅವಸರದ ಇಂಗ್ಲಿಷಿನಲ್ಲಿ ಆ ಮಾತನ್ನು ‘ಸೆಲ್ಫ್ ಫಾಲ್’ ಎಂದು ಎರಡೇ ಪದದಲ್ಲಿ ಬರೆದಿರುತ್ತಾರೆ. ವಿಮಾ ಕಂಪನಿಯ ವಕೀಲರು ಕಡತದಲ್ಲಿ ಮೊದಲು ಹುಡುಕುವುದು ಆ ಎರಡು ಪದಗಳನ್ನು.

ಆದ್ದರಿಂದ ಮೊದಲ ಆಸ್ಪತ್ರೆಯ ಹೊರರೋಗಿ ಚೀಟಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯವೆಂದು ಆಸ್ಪತ್ರೆ ಬರೆದಿಡುವ) ದಾಖಲೆ, ಗಾಯದ ಪ್ರಮಾಣಪತ್ರ, ಪ್ರತಿ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ದೋಷಾರೋಪ ಪಟ್ಟಿ ಇವಿಷ್ಟನ್ನು ಒಟ್ಟುಗೂಡಿಸಿ ಮೇಜಿನ ಮೇಲೆ ಹರಡಿಕೊಳ್ಳಬೇಕು. ಮೊದಲ ಆಸ್ಪತ್ರೆಯ ಚೀಟಿ ಯಾರದೋ ಅಂಗಿಯ ಜೇಬಿನಲ್ಲಿ ತೊಳೆದುಹೋಗಿರುವುದೇ ಹೆಚ್ಚು. ಅಪಘಾತಕ್ಕೆ ಅತಿ ಸಮೀಪದ ದಾಖಲೆ ಅದೇ ಆದ್ದರಿಂದ ಅದರ ನಕಲನ್ನು ಆಸ್ಪತ್ರೆಯಿಂದ ಕೇಳಿ ಪಡೆಯಲೇಬೇಕು. ಬಳಿಕ ಒಂದು ಹಾಳೆಯಲ್ಲಿ ಅಂಕಣ ಹಾಕಿ ದಿನಾಂಕ, ಸಮಯ, ಸ್ಥಳ, ಎದುರು ವಾಹನದ ಸಂಖ್ಯೆ, ಘಟನೆಯ ಬಗೆ, ಮಾಹಿತಿ ಕೊಟ್ಟವರು ಎಂದು ಪ್ರತಿ ಕಾಗದದಲ್ಲಿ ಇರುವುದನ್ನು ಇರುವಂತೆಯೇ ಬರೆಯಿರಿ. ನಿಮಗೆ ಗೊತ್ತಿರುವ ಸತ್ಯವನ್ನು ಈ ಹಾಳೆಯಲ್ಲಿ ತುಂಬಬೇಡಿ, ಕಾಗದ ಏನು ಹೇಳುತ್ತದೆ ಎಂಬುದಷ್ಟೇ ಇಲ್ಲಿ ಬೇಕಾದುದು.

ಎಲ್ಲವೂ ಹೊಂದಿದರೆ ಒಳ್ಳೆಯದು. ಒಂದು ಕಡೆ ವಾಹನದ ಉಲ್ಲೇಖವಿಲ್ಲ, ಇನ್ನೊಂದು ಕಡೆ ಸಮಯ ಬೇರೆ, ದೂರು ಎಂಟು ದಿನ ತಡ ಎಂದಾದರೆ ಮುಂದಿನ ಯಾವ ಹೇಳಿಕೆಗೂ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕು. ಹೊರ ಜಿಲ್ಲೆಯ ಅಥವಾ ಗೋವಾದ ಆಸ್ಪತ್ರೆಯಿಂದ ಮಾಹಿತಿ ನಮ್ಮ ಠಾಣೆಗೆ ಬಂದು ತಲುಪುವಷ್ಟರಲ್ಲಿ ದಿನಗಳು ಕಳೆಯುವುದುಂಟು. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಆದರೆ ತಡವಾದದ್ದಕ್ಕೆ ವಿವರಣೆ ಬೇಕು, ಅದನ್ನು ಸಾಕ್ಷ್ಯದ ಮೂಲಕ ಕಟ್ಟುವುದು ವಕೀಲರ ಕೆಲಸ. ಆಸ್ಪತ್ರೆಗೆ ಹೋಗಿ ಪರಿಚಯದವರ ಮೂಲಕ ಹಳೆಯ ದಾಖಲೆ ತಿದ್ದಿಸುವ ಅಡ್ಡದಾರಿ ಮಾತ್ರ ಬೇಡವೇ ಬೇಡ. ಬೇರೆ ಶಾಯಿಯಲ್ಲಿ ಬರೆದ ಒಂದು ಪದ ಇಡೀ ಪ್ರಕರಣವನ್ನು ಮುಳುಗಿಸುತ್ತದೆ. ದೋಷಾರೋಪ ಪಟ್ಟಿಯಲ್ಲಿ ಗಾಯಾಳುವೇ ಆರೋಪಿಯೆಂದು ಇದ್ದರಂತೂ ವಕೀಲರಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು.

ಇಲ್ಲಿ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ಹೆದರಿ ಕೆಲವರು ಬಿಲ್ಲುಗಳನ್ನೆಲ್ಲ ಲ್ಯಾಮಿನೇಷನ್ ಮಾಡಿಸುತ್ತಾರೆ. ಔಷಧ ಅಂಗಡಿಯ ನುಣುಪು ಕಾಗದದ ಬಿಲ್ಲು ಆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಬಿಲ್ಲು ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ ಮೂಲಪ್ರತಿಯನ್ನು ಒಣ ಕಡತದಲ್ಲಿಡುವುದು ಸಾಕು.

ಹಂತ 4: ಮೊತ್ತ ಅಂದಾಜಿಸುವುದು

ವಿಮಾ ಕಂಪನಿ ತಾನಾಗಿಯೇ ರಾಜಿ ಮೊತ್ತ ಮುಂದಿಡಬಹುದು. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಿಗುವ 164ನೇ ಕಲಮಿನ ಪರಿಹಾರ ತೀವ್ರ ಗಾಯಕ್ಕೆ 2.5 ಲಕ್ಷ, ಮರಣಕ್ಕೆ 5 ಲಕ್ಷ. ಇದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿನ ಅರ್ಜಿ ಅಲ್ಲಿಗೇ ಕೊನೆಗೊಳ್ಳುತ್ತದೆ ಎಂಬುದನ್ನು ಒಪ್ಪುವ ಮೊದಲೇ ತಿಳಿದಿರಬೇಕು. ಮುರಿದ ಮೂಳೆ ಕೂಡಿ, ಕೆಲಸಕ್ಕೆ ತೊಂದರೆಯಿಲ್ಲದೆ ಮರಳಿದವರಿಗೆ ಇದು ಸಾಕಾಗಬಹುದು, ವಕೀಲರ ಫೀಸೂ ಉಳಿಯುತ್ತದೆ.

ಶಾಶ್ವತ ಊನ ಉಳಿದಿದ್ದರೆ ಲೆಕ್ಕವೇ ಬೇರೆ. ಶಿರಸಿ ಸೀಮೆಯಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ 38 ವರ್ಷದ ಕೊನೆಗೌಡರೊಬ್ಬರಿಗೆ ಮೊಣಕಾಲು ಪೂರ್ತಿ ಮಡಚಲಾಗುವುದಿಲ್ಲ ಎಂದುಕೊಳ್ಳಿ. ವೈದ್ಯರು ಆ ಕಾಲಿಗೆ ಶೇ 24ರಷ್ಟು ಊನ ಎಂದರೆ ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗವನ್ನು, ಎಂದರೆ ಶೇ 8ನ್ನು, ಇಡೀ ದೇಹದ ಊನವೆಂದು ಹಿಡಿಯುತ್ತವೆ. ತಿಂಗಳ ಆದಾಯ 15,000 ಎಂದಿಟ್ಟು, ವರ್ಷದ ಆದಾಯದ ಶೇ 8ನ್ನು ಆ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಗುಣಕ 15ರಿಂದ ಗುಣಿಸಿದರೆ ಗಳಿಕೆಯ ನಷ್ಟ 2,16,000 ರೂಪಾಯಿ. ಆದರೆ ಮರ ಹತ್ತಲಾಗದ ಕೊನೆಗೌಡನ ನಷ್ಟ ಶೇ 8 ಅಲ್ಲ. ಊನದ ಪ್ರಮಾಣವನ್ನು ವ್ಯಕ್ತಿಯ ಉದ್ಯೋಗದ ಮೇಲೆ ಅದರ ಪರಿಣಾಮದಿಂದ ಅಳೆಯಬೇಕೆಂಬ ಸುಪ್ರೀಂ ಕೋರ್ಟಿನ 2010ರ ತೀರ್ಪನ್ನು ಮುಂದಿಟ್ಟು ಶೇ 30 ಎಂದು ಒಪ್ಪಿಸಿದರೂ ಅದೇ ಲೆಕ್ಕ 8,10,000ಕ್ಕೆ ಏರುತ್ತದೆ. ಈ ವ್ಯತ್ಯಾಸವನ್ನು ತರುವುದು ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯ, ಕೂಲಿ ಬರೆದಿಟ್ಟ ತೋಟದವರ ಪುಸ್ತಕ, ಮತ್ತು ಅವರನ್ನು ಸರಿಯಾಗಿ ಪ್ರಶ್ನಿಸುವ ವಕೀಲರು. ಚಿಕಿತ್ಸೆಯನ್ನೇ ಕೊಡದ ವೈದ್ಯರಿಂದ ದುಡ್ಡು ಕೊಟ್ಟು ತಂದ ಊನದ ಪತ್ರಕ್ಕೆ ನ್ಯಾಯಾಲಯ ಹೆಚ್ಚು ಬೆಲೆ ಕೊಡುವುದಿಲ್ಲ. ಮೊಬೈಲಿನಲ್ಲಿ ಸಿಗುವ ‘ಪರಿಹಾರ ಕ್ಯಾಲ್ಕುಲೇಟರ್’ಗಳು ಈ ಭಾಗವನ್ನೇ ಬಿಟ್ಟು ಲೆಕ್ಕ ಹಾಕುತ್ತವೆ, ಅವನ್ನು ನೋಡದಿರುವುದೇ ಮೇಲು.

ಹಂತ 5: ಫೀಸಿನ ಮಾತು

ಬಂದ ಪರಿಹಾರದಲ್ಲಿ ಇಂತಿಷ್ಟು ಪರ್ಸೆಂಟ್ ಎಂಬ ಒಪ್ಪಂದ ಎಷ್ಟೇ ರೂಢಿಯಲ್ಲಿದ್ದರೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸುತ್ತವೆ. ಅರ್ಜಿ, ಸಾಕ್ಷ್ಯ, ವಾದ ಎಂದು ಹಂತಹಂತವಾಗಿ ಫೀಸು ಮಾತಾಡಿ ರಸೀದಿ ಪಡೆಯುವುದೇ ಸರಿ; ಇದಕ್ಕೊಪ್ಪದವರನ್ನು ಬಿಟ್ಟು ಬೇರೆಯವರನ್ನು ನೋಡಬೇಕು. ಪಾಸ್‌ಬುಕ್ಕನ್ನಾಗಲಿ ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲಿ ಯಾರ ಕೈಗೂ ಕೊಡಬಾರದು. ವಾಸದ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಲು ಕಾನೂನು ಅವಕಾಶ ಕೊಟ್ಟಿರುವಾಗ ದೂರದ ನಗರದ ವಕೀಲರ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ. ದಿನನಿತ್ಯ ಅದೇ ನ್ಯಾಯಾಲಯದಲ್ಲಿ ನಿಲ್ಲುವವರನ್ನೇ ಹಿಡಿಯಿರಿ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಕಡಿಮೆ ಆದಾಯದ ಇತರರಿಗೂ ಅವಕಾಶವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಹಂತ 6: ಲೋಕ ಅದಾಲತ್ ಮತ್ತು ಮೇಲ್ಮನವಿ

ಲೋಕ ಅದಾಲತ್ತಿನಲ್ಲಿ ಬೇಗ ಹಣ ಸಿಗುತ್ತದೆ, ಆದರೆ ಅಲ್ಲಿಯ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ವಕೀಲರಿಲ್ಲದೆ ಹೋಗುವವರು ನಾಲ್ಕನೆಯ ಹಂತದ ಲೆಕ್ಕದ ಹಾಳೆಯನ್ನು ಜೊತೆಗೆ ಒಯ್ಯಬೇಕು. ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ, ನಮ್ಮ ಜಿಲ್ಲೆಯವರಾದರೆ ಧಾರವಾಡ ಪೀಠಕ್ಕೆ, ಹೋಗಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಅವಕಾಶವಿಲ್ಲ. ಧಾರವಾಡದ ಕೆಲಸವನ್ನು ಬಹುಮಟ್ಟಿಗೆ ಅಲ್ಲಿಯ ವಕೀಲರೇ ನೋಡಿಕೊಳ್ಳುವುದರಿಂದ ಅದರ ಫೀಸು ಯಾರು ಕೊಡಬೇಕು, ಮೊದಲಿನ ಮಾತಿನಲ್ಲಿ ಅದು ಸೇರಿದೆಯೇ ಎಂಬುದನ್ನು ಊರಿನ ವಕೀಲರ ವಕಾಲತ್ತಿಗೆ ಸಹಿ ಹಾಕುವ ದಿನವೇ ಕೇಳಿ ಬರೆಸಿಕೊಳ್ಳಬೇಕು.