ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಪ್ರಬಂಧ ಉಳಿಯಬೇಕೆ?

ಮಡಿಕೇರಿಯ ಮಳೆಗಾಲ ಕಾಗದವನ್ನಷ್ಟೇ ತಿನ್ನುವುದಿಲ್ಲ. ನಮ್ಮ ಸಂಶೋಧನಾ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದ ಸಿ.ಡಿ.ಗಳನ್ನು ಬೀರುವಿನಿಂದ ತೆಗೆದಾಗ ಎರಡಕ್ಕೆ ಬೂಷ್ಟು ಹಿಡಿದಿತ್ತು. ಉಳಿದವು ತೆರೆದುಕೊಂಡವು, ಆದರೆ ಪರದೆಯ ತುಂಬ ಕೊಂಬು, ಬಾಲ ಹತ್ತಿದ ಇಂಗ್ಲಿಷ್ ಅಕ್ಷರಗಳು. ಬೂಷ್ಟಿಗಿಂತ ಇದು ದೊಡ್ಡ ರೋಗ.

ಇಂಥ ಹಳೆಯ ಲೇಖನಗಳು ಉಳಿಯಬೇಕಾದರೆ, ಮೊದಲು ಪ್ರತಿ ಲೇಖನದ ಕಡತಕ್ಕೂ ವರ್ಷ, ಸಂಪುಟ, ಪುಟಸಂಖ್ಯೆ ಇರುವ ಹೆಸರಿಡಿ. ‘ಫೈನಲ್ ಹೊಸದು 2’ ಬೇಡವೇ ಬೇಡ.

ಎರಡನೆಯದು ಅಕ್ಷರದ ಕೆಲಸ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಕಟ್ಟುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಆದ್ದರಿಂದ ಪಠ್ಯವನ್ನು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಜಾಗತಿಕ ವ್ಯವಸ್ಥೆಗೆ, ಪರಿವರ್ತಿಸಲೇಬೇಕು. ಎಡವುವವರೆಲ್ಲ ಇಡೀ ಕಡತವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿಯುತ್ತಾರೆ. ಕಾಳುಮೆಣಸಿನ ಶೀಘ್ರ ಸೊರಗು ರೋಗದ ಲೇಖನವೊಂದರಲ್ಲಿ ಇಂಗ್ಲಿಷ್ ಲಿಪಿಯಲ್ಲಿದ್ದ ‘ಫೈಟಾಪ್ತೊರಾ’ ಎಂಬ ರೋಗಾಣುವಿನ ಹೆಸರು ತಲೆಬುಡವಿಲ್ಲದ ಕನ್ನಡ ಅಕ್ಷರಗಳ ಸರವಾಗಿ ಹೊರಬಂದಿತ್ತು. ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ತೆಗೆದಿಟ್ಟು ಆಮೇಲೆ ಸೇರಿಸಿ.

ಅರ್ಕಾವತ್ತಿನ ಮೇಲೂ, ಅಂದರೆ ‘ರ್’ ಸೂಚಿಸಲು ಅಕ್ಷರದ ಬಲಕ್ಕೆ ಬರೆಯುವ ಗುರುತಿನ ಮೇಲೂ, ಕಣ್ಣಿಡಿ. ಹಳೆಯ ಸಂಕೇತದಲ್ಲಿ ಅದು ಬರೆದ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು. ಕಳಪೆ ಪರಿವರ್ತಕದ ಕೈಯಲ್ಲಿ ‘ಮಾರ್ಗ’ ‘ಮಾಗರ್’ ಆಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಪದದ ಕೊನೆಯಲ್ಲಿ ‘ರ್’ ಕಂಡಲ್ಲೆಲ್ಲ ನಿಲ್ಲಿ. ಎಂಜಿನಿಯರ್, ಡಾಕ್ಟರ್ ಬಿಟ್ಟರೆ ಹೆಚ್ಚಿನವು ತಪ್ಪೇ ಇರುತ್ತವೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮುದ್ರಿತ ಪ್ರತಿ ಹಿಡಿದು ನೋಡಬೇಕು.

ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೈತೊಳೆದುಕೊಳ್ಳುವವರಿದ್ದಾರೆ. ಕೆಲವು ಉಚಿತ ಆ್ಯಪ್‌ಗಳು ಪುಟದ ಮೂಲೆಯಲ್ಲಿ ತಮ್ಮ ಹೆಸರು ಒತ್ತಿಬಿಡುತ್ತವೆ. ಬರೀ ಚಿತ್ರದೊಳಗೆ ಪದ ಹುಡುಕಲೂ ಆಗದು.

ಮುಂದೆ ಪಿಡಿಎಫ್/ಎ. ಇದು ದೀರ್ಘಕಾಲ ಕಾಪಿಡುವ ಪಿಡಿಎಫ್‌ಗಳಿಗಾಗಿ 2005ರಲ್ಲಿ ಬಂದ ಐಎಸ್ಒ ಅಂತರರಾಷ್ಟ್ರೀಯ ಮಾನದಂಡ. ಫಾಂಟ್ ಕಡತದೊಳಗೇ ಅಡಕವಾಗಿರುತ್ತದೆ. ಉಚಿತ ತಂತ್ರಾಂಶ ಲಿಬ್ರೆ ಆಫೀಸಿನಲ್ಲಿ ಪಿಡಿಎಫ್ ಮಾಡುವಾಗ ಪಿಡಿಎಫ್/ಎ ಎಂಬಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ತೆರೆದು ‘ಕೊಡಗು’ ಎಂದು ಹುಡುಕಿ, ಪದ ಸಿಗುತ್ತದೆಯೇ ನೋಡಿ. ಒತ್ತಕ್ಷರಗಳಿರುವ ಪದಗಳು ಪಿಡಿಎಫ್‌ನಲ್ಲಿ ಕೆಲವೊಮ್ಮೆ ಕೈಕೊಡುವುದರಿಂದ ಯೂನಿಕೋಡ್ ಪಠ್ಯವನ್ನೂ ಜೊತೆಗಿಡಿ.

ಪ್ರತಿಗಳು ಮೂರಿರಲಿ, ಒಂದು ಜಿಲ್ಲೆಯ ಹೊರಗೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಪೆನ್‌ಡ್ರೈವ್ ಸಾಗಿಸಲು ಸರಿ, ಕಾಪಿಡಲು ಅಲ್ಲ.

ಪತ್ರಿಕೆ ಓಜೆಎಸ್ ಎಂಬ ಜಾಲಪ್ರಕಟಣೆಯ ತಂತ್ರಾಂಶದಲ್ಲಿದ್ದು ಐಎಸ್ಎಸ್ಎನ್, ಅಂದರೆ ಪತ್ರಿಕೆಯ ಅಂತರರಾಷ್ಟ್ರೀಯ ಗುರುತುಸಂಖ್ಯೆ, ಪಡೆದಿದ್ದರೆ ಆ ತಂತ್ರಾಂಶ ರೂಪಿಸಿದ ಪಿಕೆಪಿಯ ಸಂರಕ್ಷಣಾ ಜಾಲಕ್ಕೆ ಉಚಿತವಾಗಿ ಸೇರಿಸಬಹುದು. ಅದು ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ‘ಲಾಕ್ಸ್’ ವ್ಯವಸ್ಥೆಯನ್ನು ಬಳಸುತ್ತದೆ: ಹಲವು ಗ್ರಂಥಾಲಯಗಳ ಕಂಪ್ಯೂಟರುಗಳು ತಮ್ಮ ಪ್ರತಿಗಳನ್ನು ಹೋಲಿಸಿ ನೋಡಿ, ಕೆಟ್ಟದ್ದನ್ನು ಸರಿಪಡಿಸಿಕೊಳ್ಳುತ್ತವೆ. ‘ನಮಗೆ ಡಿಒಐ ಇದೆಯಲ್ಲ’ ಎನ್ನಬೇಡಿ, ಅದು ಲೇಖನಕ್ಕೆ ಕೊಟ್ಟ ಗುರುತುಸಂಖ್ಯೆ, ವಿಳಾಸ ಮಾತ್ರ.

ಕೊನೆಗೆ ಪ್ರತಿ ಕಡತದ ಎಸ್ಎಚ್ಎ-256 ಮೊತ್ತವನ್ನು, ಅಂದರೆ ಕಡತದ ಒಳಗಿರುವುದರಿಂದ ಕಂಪ್ಯೂಟರ್ ಲೆಕ್ಕಹಾಕುವ 64 ಅಕ್ಷರಗಳ ಬೆರಳಗುರುತನ್ನು, ಪಟ್ಟಿ ಮಾಡಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮತ್ತೆ ಲೆಕ್ಕಹಾಕಿಸಿ. ಒಂದು ಅಕ್ಷರ ಬೇರೆಯಾದರೂ ಆ ಪ್ರತಿಯನ್ನು ತೆಗೆದು, ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಟ್ಟ ಪ್ರತಿಯಿಂದ ಹೊಸದು ಮಾಡಿಕೊಳ್ಳಿ.